ತಕ್ಕಡಿಗೆ ತೂಕ, ಕ್ರಿಯೆಗೆ ಎಣಿಕೆ

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಒಂದು ಪಾತ್ರೆಯಲ್ಲಿ 2 ಗ್ರಾಂ ಹೈಡ್ರೋಜನ್ ಅನಿಲವಿದೆ, ಇನ್ನೊಂದರಲ್ಲಿ 16 ಗ್ರಾಂ ಆಕ್ಸಿಜನ್ ಅನಿಲವಿದೆ. ಯಾವುದು ಹೆಚ್ಚು? ಕೈ ಎತ್ತಿ ನೋಡೋಣ. ಆಕ್ಸಿಜನ್ ಎನ್ನುವವರೇ ಹೆಚ್ಚು. ಹಿಂದಿನ ಸಾಲಿನಲ್ಲಿ ಇಬ್ಬರು ಮಾತ್ರ ಹೈಡ್ರೋಜನ್ ಎನ್ನುತ್ತಿದ್ದಾರೆ, ಅದೂ ಅಕ್ಕಪಕ್ಕದವರ ಮುಖ ನೋಡಿಕೊಂಡು ಅರ್ಧ ಕೈ ಎತ್ತಿ. ಪೂರ್ತಿ ಎತ್ತಬಹುದು, ನೀವು ಹೇಳಿದ್ದೂ ಸರಿ. ತೂಗಿದರೆ ಆಕ್ಸಿಜನ್ ಎಂಟು ಪಟ್ಟು ಹೆಚ್ಚು. ಎಣಿಸಿದರೆ ಹೈಡ್ರೋಜನ್ ಅಣುಗಳು ಆಕ್ಸಿಜನ್ ಅಣುಗಳ ಎರಡರಷ್ಟಿವೆ. ಎರಡನ್ನೂ ಬೆರೆಸಿ ಕಿಡಿ ತಾಗಿಸಿದರೆ ಇದೂ ಉಳಿಯುವುದಿಲ್ಲ, ಅದೂ ಉಳಿಯುವುದಿಲ್ಲ. 18 ಗ್ರಾಂ ನೀರು ಸಿಗುತ್ತದೆ.

ನಮ್ಮ ಕೈಯಲ್ಲಿರುವುದು ತಕ್ಕಡಿ. ಅದಕ್ಕೆ ತೂಕ ಬಿಟ್ಟರೆ ಬೇರೇನೂ ತಿಳಿಯದು. ಆದರೆ ಪಾತ್ರೆಯೊಳಗೆ ನಡೆಯುವ ಕ್ರಿಯೆಗೆ ಗ್ರಾಂ ಎಂದರೆ ಏನೆಂದೇ ಗೊತ್ತಿಲ್ಲ. ಅಲ್ಲಿ ನಡೆಯುವುದೆಲ್ಲ ಎಣಿಕೆಯ ವ್ಯವಹಾರ: ಇದರ ಒಂದಕ್ಕೆ ಅದರ ಎರಡು, ಅದರ ಮೂರಕ್ಕೆ ಇದರ ಒಂದು. ಈ ಎರಡರ ನಡುವಿನ ದುಭಾಷಿಯೇ ಮೋಲ್. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟನ್ನೇ. ಉಳಿದ ಹೊತ್ತೆಲ್ಲ ಇದನ್ನೇ ಬೇರೆ ಬೇರೆ ಕಡೆಯಿಂದ ತಟ್ಟಿ ನೋಡುತ್ತೇನೆ.

ಮೋಲ್ ಪಾಠವನ್ನು ಸಾಮಾನ್ಯವಾಗಿ ಒಂದು ಭಯಂಕರ ಸಂಖ್ಯೆಯಿಂದ ಆರಂಭಿಸುತ್ತಾರೆ. ಕರಿಹಲಗೆಯ ಮೇಲೆ ಅದನ್ನು ಬರೆದ ಕೂಡಲೇ ಅರ್ಧ ತರಗತಿ ಕೈ ಚೆಲ್ಲುತ್ತದೆ. ನಾನು ಆ ಸಂಖ್ಯೆಯನ್ನು ಸದ್ಯಕ್ಕೆ ಬಚ್ಚಿಡುತ್ತೇನೆ. ಲೆಕ್ಕಕ್ಕೆ ಅದು ಬೇಕಾಗುವುದೇ ಇಲ್ಲ ಎಂದರೆ ನಂಬುತ್ತೀರಾ? ಮೊದಲು ಬೋಲ್ಟು, ನಟ್ಟುಗಳ ವಿಷಯ ನೋಡೋಣ.

ಒಂದು ಮೂಟೆ ತುಂಬ ಬೋಲ್ಟುಗಳಿವೆ, ಇನ್ನೊಂದು ಮೂಟೆ ತುಂಬ ನಟ್ಟುಗಳಿವೆ. ಎಲ್ಲ ಬೋಲ್ಟುಗಳೂ ಒಂದೇ ಅಳತೆಯವು, ನಟ್ಟುಗಳೂ ಅಷ್ಟೇ. ಒಂದು ಬೋಲ್ಟಿನ ತೂಕ ಎಷ್ಟು ಗ್ರಾಂ ಎಂದು ನಿಮಗೆ ಗೊತ್ತಿಲ್ಲ. ನಟ್ಟಿನದೂ ಗೊತ್ತಿಲ್ಲ. ಗೊತ್ತಿರುವುದು ಒಂದೇ ಸಂಗತಿ: ಬೋಲ್ಟು ನಟ್ಟಿಗಿಂತ ನಾಲ್ಕು ಪಟ್ಟು ಭಾರ. ಈಗ ಒಂದು ಬೋಲ್ಟಿಗೆ ಒಂದು ನಟ್ಟು ಬರುವಂತೆ ತೂಗಿ ಕೊಡಿ. 4 ಕಿಲೋ ಬೋಲ್ಟಿಗೆ 1 ಕಿಲೋ ನಟ್ಟು. ಎಣಿಸಿ ನೋಡಿದರೆ ಎರಡೂ ಸರಿಸಮ ಇರುತ್ತವೆ. ಎಷ್ಟೆಷ್ಟು ಇವೆ? ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಒಂದು ಬೋಲ್ಟಿಗೆ ಎರಡು ನಟ್ಟು ಬೇಕೆಂದರೆ 4 ಕಿಲೋಗೆ 2 ಕಿಲೋ ತೂಗಿದರಾಯಿತು. ಒಂದನ್ನೂ ಕೈಯಿಂದ ಮುಟ್ಟದೆ, ಒಂದರ ತೂಕವನ್ನೂ ತಿಳಿಯದೆ, ಎಣಿಕೆಯನ್ನು ಸರಿಮಾಡಿಬಿಟ್ಟಿರಿ.

ಇಲ್ಲಿ ಕೆಲಸ ಮಾಡಿದ್ದು ಅನುಪಾತ. ಎರಡು ವಸ್ತುಗಳ ಬಿಡಿ ತೂಕಗಳು ಯಾವ ಅನುಪಾತದಲ್ಲಿವೆಯೋ ಅದೇ ಅನುಪಾತದಲ್ಲಿ ರಾಶಿ ಹಾಕಿದರೆ, ಎರಡು ರಾಶಿಗಳಲ್ಲೂ ಸಮ ಸಂಖ್ಯೆ ಇರುತ್ತದೆ. ಹತ್ತೊಂಬತ್ತನೇ ಶತಮಾನದ ರಸಾಯನಶಾಸ್ತ್ರಜ್ಞರು ಪರಮಾಣುವನ್ನು ನೋಡಿರಲಿಲ್ಲ, ತೂಗಿರಲಿಲ್ಲ. ಅದು ನಿಜವಾಗಿ ಇದೆಯೇ ಎಂಬ ಅನುಮಾನವೂ ಹಲವರಲ್ಲಿತ್ತು. ಆದರೂ ಅವರ ಲೆಕ್ಕ ನಡೆಯಿತು, ಏಕೆಂದರೆ ಅವರಿಗೆ ಬೇಕಾಗಿದ್ದದ್ದು ಅನುಪಾತ ಮಾತ್ರ. ಹೈಡ್ರೋಜನ್ ಪರಮಾಣುವನ್ನು 1 ಎಂದಿಟ್ಟುಕೊಂಡರೆ ಕಾರ್ಬನ್ 12, ಆಕ್ಸಿಜನ್ 16, ಗಂಧಕ 32. ಅಂದರೆ 1 ಗ್ರಾಂ ಹೈಡ್ರೋಜನ್, 12 ಗ್ರಾಂ ಕಾರ್ಬನ್, 16 ಗ್ರಾಂ ಆಕ್ಸಿಜನ್, 32 ಗ್ರಾಂ ಗಂಧಕ, ಈ ನಾಲ್ಕರಲ್ಲೂ ಪರಮಾಣುಗಳ ಸಂಖ್ಯೆ ಸಮ. ಆ ಸಮ ಸಂಖ್ಯೆಗೇ ಮುಂದೆ ಮೋಲ್ ಎಂಬ ಹೆಸರು ಬಂತು. ಅದು ಎಷ್ಟು ಎಂದು ಗೊತ್ತಾಗುವ ಮೊದಲೇ ಅದನ್ನು ಬಳಸುತ್ತಿದ್ದರು.

ಹೆಸರಿನ ಬಗ್ಗೆ ಒಂದು ಮಾತು. ಲ್ಯಾಟಿನ್ ಭಾಷೆಯಲ್ಲಿ 'ಮೋಲೆಸ್' ಎಂದರೆ ದೊಡ್ಡ ಗುಡ್ಡೆ, ರಾಶಿ. ಅದಕ್ಕೆ ಪುಟಾಣಿತನದ ಪ್ರತ್ಯಯ ಹಚ್ಚಿದರೆ 'ಮಾಲಿಕ್ಯೂಲ್', ಅಂದರೆ ಪುಟ್ಟ ರಾಶಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಓಸ್ಟ್ವಾಲ್ಡ್ ಆ ಪುಟ್ಟ ರಾಶಿಯ ಬಾಲ ಕತ್ತರಿಸಿ 'ಮೋಲ್' ಎಂದರು. ಕನ್ನಡದಲ್ಲೂ 'ರಾಶಿ' ಎಂದರೆ ಗುಡ್ಡೆ, ಭೌತಶಾಸ್ತ್ರದ ಪಾಠದಲ್ಲಿ ಅದೇ 'ರಾಶಿ' ವಸ್ತುವಿನ ದ್ರವ್ಯದ ಅಳತೆ. ಲ್ಯಾಟಿನ್ನಿನ ಇಬ್ಬಗೆಯ ಅರ್ಥ ನಮ್ಮಲ್ಲಿ ತಾನಾಗಿಯೇ ಇದೆ. ಇನ್ನೊಂದು ತಮಾಷೆ: ಈ ಹೆಸರು ಕೊಟ್ಟ ಓಸ್ಟ್ವಾಲ್ಡರೇ ಬಹುಕಾಲ ಪರಮಾಣುಗಳನ್ನು ನಂಬಿರಲಿಲ್ಲ. ಪರಮಾಣು ಇಲ್ಲದಿದ್ದರೂ ಮೋಲ್ ಲೆಕ್ಕ ಸರಿಬರುತ್ತದೆ ಎಂಬುದೇ ಅವರ ವಾದಕ್ಕೆ ಬಲ ಕೊಟ್ಟಿತ್ತು.

ಕನ್ನಡದ ತೊಡಕನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪತ್ರಿಕೆಗಳು 'ಅಣುಬಾಂಬ್', 'ಅಣು ವಿದ್ಯುತ್' ಎಂದು ಬರೆಯುತ್ತವೆ. ಅಲ್ಲಿ ಅಣು ಎಂದರೆ ಪರಮಾಣು. ರಸಾಯನಶಾಸ್ತ್ರದಲ್ಲಿ ಅಣು ಎಂದರೆ ಪರಮಾಣುಗಳು ಕೂಡಿ ಆದದ್ದು. ಎರಡು ಹೈಡ್ರೋಜನ್ ಪರಮಾಣು, ಒಂದು ಆಕ್ಸಿಜನ್ ಪರಮಾಣು ಸೇರಿ ನೀರಿನ ಒಂದು ಅಣು. ಪತ್ರಿಕೆಯ ಅಣುವನ್ನು ತಲೆಯಲ್ಲಿಟ್ಟುಕೊಂಡು ಲೆಕ್ಕಕ್ಕೆ ಕುಳಿತ ವಿದ್ಯಾರ್ಥಿ ಮೊದಲ ಹೆಜ್ಜೆಯಲ್ಲೇ ಎಡವುತ್ತಾನೆ. ಸುಮಾರು ಐವತ್ತು ವರ್ಷ ಯುರೋಪಿನ ದೊಡ್ಡ ದೊಡ್ಡವರೂ ಇದೇ ಜಾಗದಲ್ಲಿ ಎಡವಿದ್ದರು ಎಂದು ಅವನಿಗೆ ಹೇಳಿ, ಸಮಾಧಾನವಾಗುತ್ತದೆ.

ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅನುಪಾತ ಸಾಕು ಎಂದೆ, ಸರಿ. ಆದರೆ ಅನುಪಾತ ಸಿಗುವುದು ಹೇಗೆ? ನೀರನ್ನು ಒಡೆದರೆ 1 ಗ್ರಾಂ ಹೈಡ್ರೋಜನ್‌ಗೆ 8 ಗ್ರಾಂ ಆಕ್ಸಿಜನ್ ಸಿಗುತ್ತದೆ. ಇದರಿಂದ ಆಕ್ಸಿಜನ್ ಪರಮಾಣು ಹೈಡ್ರೋಜನ್‌ಗಿಂತ ಎಷ್ಟು ಪಟ್ಟು ಭಾರ ಎಂದು ಹೇಳಬೇಕಾದರೆ ನೀರಿನಲ್ಲಿ ಯಾವುದು ಎಷ್ಟು ಇದೆ ಎಂದು ಮೊದಲೇ ಗೊತ್ತಿರಬೇಕು. ಪರಮಾಣು ಸಿದ್ಧಾಂತ ಮಂಡಿಸಿದ ಇಂಗ್ಲೆಂಡಿನ ಜಾನ್ ಡಾಲ್ಟನ್ ಸರಳವಾಗಿ ಯೋಚಿಸಿದರು: ಒಂದಕ್ಕೆ ಒಂದು ಇರಬೇಕು. ಹಾಗಿದ್ದರೆ ಆಕ್ಸಿಜನ್ 8 ಆಗಬೇಕು. ಆಗಿನ ಅಳತೆಗಳು ಒರಟಾಗಿದ್ದುದರಿಂದ 1808ರಲ್ಲಿ ಅವರು ಬರೆದದ್ದು 7. ನೀರಿನಲ್ಲಿ ಎರಡಕ್ಕೆ ಒಂದು ಎಂದುಕೊಂಡರೆ ಅದೇ ಅಳತೆಯಿಂದ ಆಕ್ಸಿಜನ್ 16 ಆಗುತ್ತದೆ. ತಕ್ಕಡಿಯ ಅಂಕಿ ಒಂದೇ, ಊಹೆ ಬದಲಾದರೆ ಪರಮಾಣುವಿನ ತೂಕ ಇಮ್ಮಡಿಯಾಗುತ್ತದೆ. ಯಾವ ಊಹೆ ಸರಿ ಎಂದು ತಕ್ಕಡಿಯನ್ನೇ ಕೇಳಿದರೆ ಅದು ಬಾಯಿ ಬಿಡುವುದಿಲ್ಲ.

ಅದೇ 1808ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗೇ-ಲುಸಾಕ್ ಅನಿಲಗಳ ತೂಕ ಬಿಟ್ಟು ಗಾತ್ರವನ್ನು ಅಳೆದರು. ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಕೂಡಿದರೆ ಎರಡು ಪಾಲು ನೀರಾವಿ ಸಿಗುತ್ತದೆ. ಎಲ್ಲವೂ ಪೂರ್ಣಾಂಕ, ಎಷ್ಟು ಅಚ್ಚುಕಟ್ಟು! ಸಮ ಗಾತ್ರದ ಅನಿಲಗಳಲ್ಲಿ ಕಣಗಳ ಸಂಖ್ಯೆಯೂ ಸಮ ಎಂದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಒಂದು ಮುಳ್ಳು ಚುಚ್ಚುತ್ತದೆ. ಒಂದು ಪಾಲು ಆಕ್ಸಿಜನ್‌ನಿಂದ ಎರಡು ಪಾಲು ನೀರಾವಿ ಆಗಬೇಕಾದರೆ ಪ್ರತಿಯೊಂದು ಆಕ್ಸಿಜನ್ ಕಣವೂ ಎರಡಾಗಿ ಒಡೆಯಬೇಕು. ಡಾಲ್ಟನ್ನರ ಪರಮಾಣು ಒಡೆಯುವಂಥದ್ದಲ್ಲ. ಹಾಗಾಗಿ ಅವರು ಗೇ-ಲುಸಾಕರ ಅಳತೆಯನ್ನೇ ಅನುಮಾನಿಸಿದರು.

ಮುಳ್ಳನ್ನು ತೆಗೆದವರು ಅಮೆದಿಯೊ ಅವೊಗ್ಯಾಡ್ರೊ. ಇಟಲಿಯ ಟ್ಯೂರಿನ್‌ನವರು, ಓದಿದ್ದು ಕಾನೂನು, ಒಲಿದದ್ದು ವಿಜ್ಞಾನ. 1811ರಲ್ಲಿ ಅವರು ಹೇಳಿದ್ದು ಇಷ್ಟು: ಒಂದೇ ತಾಪ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಕಣಗಳ ಸಂಖ್ಯೆ ಸಮ. ಆದರೆ ಆ ಕಣ ಒಂಟಿ ಪರಮಾಣುವೇ ಆಗಿರಬೇಕಿಲ್ಲ. ಆಕ್ಸಿಜನ್ ಅನಿಲದ ಕಣ ಎರಡು ಪರಮಾಣುಗಳ ಜೋಡಿ. ಒಡೆಯುವುದು ಜೋಡಿಯೇ ಹೊರತು ಪರಮಾಣುವಲ್ಲ. ಅಣು ಬೇರೆ, ಪರಮಾಣು ಬೇರೆ ಎಂದು ಗೆರೆ ಎಳೆದ ಕ್ಷಣ ಅದು.

ಯಾರೂ ಹೆಚ್ಚು ಕಿವಿಗೊಡಲಿಲ್ಲ. ಒಂದೇ ಬಗೆಯ ಎರಡು ಪರಮಾಣುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಹೇಗೆ ಎಂಬುದು ಆ ಕಾಲಕ್ಕೆ ನುಂಗಲಾಗದ ತುತ್ತು. ಅವೊಗ್ಯಾಡ್ರೊ 1856ರಲ್ಲಿ ತೀರಿಕೊಂಡರು. 1858ರಲ್ಲಿ ಇನ್ನೊಬ್ಬ ಇಟಾಲಿಯನ್, ಸ್ಟಾನಿಸ್ಲಾವೊ ಕ್ಯಾನಿಝಾರೊ, ತನ್ನ ವಿದ್ಯಾರ್ಥಿಗಳಿಗೆ ಪಾಠ ಮಾಡುವ ಕ್ರಮವನ್ನು ಬರೆದು ಪ್ರಕಟಿಸಿದರು. ಮೇಷ್ಟರ ಟಿಪ್ಪಣಿ ಎನ್ನಿ. ಅವೊಗ್ಯಾಡ್ರೊನ ಮಾತನ್ನು ಹಿಡಿದು ಅನಿಲಗಳ ಸಾಂದ್ರತೆಯಿಂದ ಅಣುರಾಶಿಗಳನ್ನು, ಅಲ್ಲಿಂದ ಪರಮಾಣುರಾಶಿಗಳನ್ನು ಹೇಗೆ ಬಿಡಿಸಿಕೊಳ್ಳಬಹುದು ಎಂದು ಅದರಲ್ಲಿ ತೋರಿಸಿದ್ದರು. ಸಮ ಗಾತ್ರದ ಆಕ್ಸಿಜನ್ ಹೈಡ್ರೋಜನ್‌ಗಿಂತ 16 ಪಟ್ಟು ತೂಗುತ್ತದೆ. ಹೈಡ್ರೋಜನ್ ಅಣು ಜೋಡಿಯಾದ್ದರಿಂದ 2, ಆದ್ದರಿಂದ ಆಕ್ಸಿಜನ್ ಅಣು 32, ಅದೂ ಜೋಡಿಯಾದ್ದರಿಂದ ಪರಮಾಣು 16. 1860ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ನೂರಕ್ಕೂ ಹೆಚ್ಚು ರಸಾಯನಶಾಸ್ತ್ರಜ್ಞರು ಇದೇ ಗೊಂದಲ ಬಗೆಹರಿಸಲು ಸೇರಿದರು. ಸಭೆ ತೀರ್ಮಾನಕ್ಕೇನೂ ಬರಲಿಲ್ಲ. ಆದರೆ ಹೊರಡುವವರ ಕೈಗೆ ಕ್ಯಾನಿಝಾರೊನ ಆ ಕಿರುಹೊತ್ತಿಗೆ ಸಿಕ್ಕಿತು. ಅಲ್ಲಿಗೆ ಬಂದಿದ್ದವರಲ್ಲಿ ರಷ್ಯಾದ ಇಪ್ಪತ್ತಾರು ವರ್ಷದ ಮೆಂಡಲೀವ್ ಕೂಡ ಇದ್ದರು. ಒಂಬತ್ತು ವರ್ಷಗಳ ನಂತರ ಅವರ ಆವರ್ತ ಕೋಷ್ಟಕ, ಅಂದರೆ ಮೂಲವಸ್ತುಗಳನ್ನು ಜೋಡಿಸಿದ ಪಟ್ಟಿ, ಬಂತು. ಪರಮಾಣುರಾಶಿಗಳು ತಪ್ಪಾಗಿದ್ದರೆ ಅವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ಏನು ಸಿಗುತ್ತಿತ್ತು ಹೇಳಿ. ಸಮ್ಮೇಳನಗಳಲ್ಲಿ ನಿಜವಾದ ಕೆಲಸ ನಡೆಯುವುದು ಭಾಷಣ ಮುಗಿದ ಮೇಲೆಯೇ ಎಂಬ ನನ್ನ ಹಳೆಯ ಗುಮಾನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನಾನು ಭಾಷಣ ಮಾಡುತ್ತಾ ಇದನ್ನು ಹೇಳಬಾರದು, ಇರಲಿ.

ಈಗ ಬಚ್ಚಿಟ್ಟ ಸಂಖ್ಯೆಯನ್ನು ಹೊರತೆಗೆಯುತ್ತೇನೆ. ಒಂದು ಮೋಲ್ ಎಂದರೆ 6.02214076 × 10²³ ಕಣಗಳು. ಬಾಯಲ್ಲಿ ಹೇಳುವುದಾದರೆ ಸುಮಾರು 602 ಕೋಟಿ ಕೋಟಿ ಕೋಟಿ. ಕೋಟಿ ಎಂಬ ಪದವನ್ನು ಮೂರು ಸಲ ಹೇಳಿದರೆ ಇಷ್ಟು ಸಲೀಸಾಗಿ ಮುಗಿಯುತ್ತದೆ ಎಂಬುದೇ ನನಗೆ ಖುಷಿ. ಜಗತ್ತಿನ 800 ಕೋಟಿ ಜನರೂ ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಎಣಿಸಿದರೆ ಒಂದು ಮೋಲ್ ಮುಗಿಸಲು ಸುಮಾರು 24 ಲಕ್ಷ ವರ್ಷ ಬೇಕು. ಇಂಥ ಹೋಲಿಕೆಗಳು ಬೆರಗು ಹುಟ್ಟಿಸುತ್ತವೆ, ಆದರೆ ಏನನ್ನೂ ತಿಳಿಸುವುದಿಲ್ಲ. ನನಗೆ ಇಷ್ಟವಾದ ಹಳೆಯ ಉದಾಹರಣೆ ಬೇರೆ. ಕಾಲು ಲೀಟರ್ ನೀರಿನ ಅಣುಗಳಿಗೆಲ್ಲ ಗುರುತು ಹಚ್ಚಿದ್ದೀರಿ ಎಂದುಕೊಳ್ಳಿ. ಆ ನೀರನ್ನು ಸಮುದ್ರಕ್ಕೆ ಸುರಿದು, ಭೂಮಿಯ ಎಲ್ಲ ಸಾಗರಗಳಲ್ಲೂ ಸಮವಾಗಿ ಬೆರೆಯುವಂತೆ ಕಲಕಿ, ಆಮೇಲೆ ಯಾವುದೋ ತೀರದಲ್ಲಿ ಕಾಲು ಲೀಟರ್ ನೀರು ಎತ್ತಿಕೊಳ್ಳಿ. ಅದರಲ್ಲಿ ನೀವು ಗುರುತು ಹಚ್ಚಿದ ಅಣುಗಳು ಸಾವಿರಕ್ಕೂ ಹೆಚ್ಚು ಇರುತ್ತವೆ. ಸಾಗರಗಳಲ್ಲಿ ಎಷ್ಟು ಲೋಟ ನೀರಿದೆಯೋ ಅದಕ್ಕಿಂತ ಹೆಚ್ಚು ಅಣುಗಳು ಒಂದು ಲೋಟ ನೀರಿನಲ್ಲಿವೆ. ಸಂಖ್ಯೆ ದೊಡ್ಡದು ಎನ್ನುವುದಕ್ಕಿಂತ ಅಣು ಎಷ್ಟು ಚಿಕ್ಕದು ಎಂಬುದು ಇಲ್ಲಿ ಕಾಣುತ್ತದೆ.

ಇದನ್ನು ಅವೊಗ್ಯಾಡ್ರೊ ಸಂಖ್ಯೆ ಎನ್ನುತ್ತಾರೆ. ಅವೊಗ್ಯಾಡ್ರೊಗೆ ಮಾತ್ರ ಇದು ಗೊತ್ತಿರಲಿಲ್ಲ. ಗಾಳಿಯ ಅಣುವಿನ ಗಾತ್ರವನ್ನು ಮೊದಲ ಬಾರಿ ಅಂದಾಜು ಮಾಡಿ ಇದಕ್ಕೆ ದಾರಿ ತೆರೆದವರು ಆಸ್ಟ್ರಿಯಾದ ವಿಜ್ಞಾನಿ ಯೋಹಾನ್ ಲೋಶ್ಮಿಟ್, 1865ರಲ್ಲಿ. ಹೆಸರಿಟ್ಟವರು ಫ್ರಾನ್ಸಿನ ಭೌತವಿಜ್ಞಾನಿ ಜಾನ್ ಪೆರ‍್ಯಾನ್, 1909ರಲ್ಲಿ. ನೀರಿನಲ್ಲಿ ತೇಲುವ ಅಂಟಿನ ಸೂಕ್ಷ್ಮ ಕಣಗಳನ್ನು ಸೂಕ್ಷ್ಮದರ್ಶಕದಡಿ ಮಟ್ಟ ಮಟ್ಟಕ್ಕೆ ಎಣಿಸಿ ಅವರು ಈ ಸಂಖ್ಯೆಯನ್ನು ತಲುಪಿದರು. ಮೇಲೇರಿದಂತೆ ಗಾಳಿ ತೆಳುವಾಗುವ ಹಾಗೆ ಆ ಕಣಗಳೂ ಮೇಲಕ್ಕೆ ಹೋದಂತೆ ವಿರಳವಾಗುತ್ತಿದ್ದವು. ಅದನ್ನು ನೋಡಿ ಓಸ್ಟ್ವಾಲ್ಡರೂ ಸೋಲೊಪ್ಪಿ, ಪರಮಾಣುಗಳು ಇವೆ ಎಂದರು.

1971ರಿಂದ ಮೋಲ್ ಅಂತರರಾಷ್ಟ್ರೀಯ ಮೂಲಮಾನಗಳಲ್ಲಿ ಒಂದು. ಆಗಿನ ವ್ಯಾಖ್ಯೆ: 12 ಗ್ರಾಂ ಕಾರ್ಬನ್-12ರಲ್ಲಿ (ಕಾರ್ಬನ್ನಿನ 12 ತೂಕದ ಬಗೆ) ಎಷ್ಟು ಪರಮಾಣುಗಳಿವೆಯೋ ಅಷ್ಟು. ಅಂದರೆ ಸಂಖ್ಯೆಯನ್ನು ಅಳೆದು ಕಂಡುಹಿಡಿಯಬೇಕಿತ್ತು. 2019ರ ಮೇ 20ರಿಂದ ತಿರುವುಮುರುವಾಯಿತು. ಸಂಖ್ಯೆಯನ್ನೇ ಗಟ್ಟಿಮಾಡಿಬಿಟ್ಟರು, ಈಗ ಅಳೆದು ಕಂಡುಹಿಡಿಯಬೇಕಾದದ್ದು ಕಾರ್ಬನ್-12ರ ಮೋಲಿನ ತೂಕ. ಬದಲಾವಣೆಗೆ ಮುಂಚೆ ಆ ಸಂಖ್ಯೆಯನ್ನು ಇನ್ನಿಲ್ಲದ ಸೂಕ್ಷ್ಮತೆಯಿಂದ ಅಳೆಯಲು, ಶುದ್ಧೀಕರಿಸಿದ ಸಿಲಿಕಾನ್-28ರಿಂದ ಸುಮಾರು ಒಂದು ಕಿಲೋ ತೂಕದ, ಹೆಚ್ಚು ಕಡಿಮೆ 94 ಮಿಲಿಮೀಟರ್ ವ್ಯಾಸದ ಗೋಲಗಳನ್ನು ಮಾಡಿ, ಕ್ಷ-ಕಿರಣಗಳಿಂದ ಪರಮಾಣುಗಳ ನಡುವಿನ ಅಂತರ ಅಳೆದು, ಗೋಲದಲ್ಲಿರುವ ಪರಮಾಣುಗಳ ಲೆಕ್ಕ ಹಾಕಿದರು. ನಿಮ್ಮ ಪರೀಕ್ಷೆಯ ಲೆಕ್ಕಕ್ಕೆ ಇದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಅಂತರ ಬರುವುದು ಶತಕೋಟಿಯಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿ ಮಾತ್ರ.

ಇನ್ನು ಅಣುರಾಶಿಯ ಲೆಕ್ಕ. ಇದು ಕೂಡುವ ಲೆಕ್ಕ, ಕೂಡುವುದಕ್ಕಿಂತ ಹೆಚ್ಚಿನದು ಏನೂ ಇಲ್ಲ. ಅಣುವಿನಲ್ಲಿ ಯಾವ ಪರಮಾಣು ಎಷ್ಟಿದೆ ನೋಡಿ, ಕೋಷ್ಟಕದಿಂದ ಅದರ ರಾಶಿ ತೆಗೆದು, ಗುಣಿಸಿ, ಕೂಡಿ. ನೀರಿಗೆ ಎರಡು ಸಲ 1.008, ಒಂದು ಸಲ 15.999, ಒಟ್ಟು 18.015. ಇಂಗಾಲದ ಡೈಆಕ್ಸೈಡಿಗೆ 12.011ಕ್ಕೆ ಎರಡು ಸಲ 15.999 ಸೇರಿಸಿ 44.009. ಗ್ಲೂಕೋಸಿನಲ್ಲಿ ಆರು ಕಾರ್ಬನ್, ಹನ್ನೆರಡು ಹೈಡ್ರೋಜನ್, ಆರು ಆಕ್ಸಿಜನ್, ಒಟ್ಟು 180.16. ಈ ಅಂಕಿಗಳನ್ನೇ ಗ್ರಾಂನಲ್ಲಿ ತೂಗಿದರೆ ಒಂದು ಮೋಲ್ ಅಣುಗಳು. ಅದು ಮೋಲಾರ್ ರಾಶಿ, ಅದರ ಮಾನ ಗ್ರಾಂ ಪ್ರತಿ ಮೋಲ್‌ಗೆ. ಅಂಕಿ ಒಂದೇ ಆದರೂ 18.015 ಎಂಬುದು ಒಂದು ಅಣುವಿಗೆ ಅನ್ವಯಿಸಿದಾಗ ಕಾರ್ಬನ್-12ರ ಹನ್ನೆರಡನೇ ಒಂದು ಪಾಲಿಗೆ ಹೋಲಿಸಿದ ತೂಕ, 18.015 ಗ್ರಾಂ ಎಂಬುದು ಬೊಗಸೆಯಲ್ಲಿ ಹಿಡಿಯಬಹುದಾದ ನೀರು. ಎರಡರ ನಡುವೆ 602 ಕೋಟಿ ಕೋಟಿ ಕೋಟಿಯ ಅಂತರವಿದೆ.

ಕೋಷ್ಟಕ ನೋಡಿದಾಗ ಬುದ್ಧಿವಂತ ಮಕ್ಕಳು ಕೇಳುವ ಪ್ರಶ್ನೆ: ಕ್ಲೋರಿನ್ 35.45 ಹೇಗೆ? ಅರ್ಧ ಪ್ರೋಟಾನ್ ಎಲ್ಲಿಂದ ಬಂತು? 35.45 ತೂಗುವ ಕ್ಲೋರಿನ್ ಪರಮಾಣು ಜಗತ್ತಿನಲ್ಲಿ ಒಂದೂ ಇಲ್ಲ. ನಮ್ಮ ಬೋಲ್ಟಿನ ಮೂಟೆಯಲ್ಲಿ ಎರಡು ತೂಕದ ಬೋಲ್ಟುಗಳು ಬೆರೆತಿವೆ ಅಷ್ಟೇ. ನೂರು ಕ್ಲೋರಿನ್ ಪರಮಾಣುಗಳಲ್ಲಿ ಸರಾಸರಿ 75.76 ಕ್ಲೋರಿನ್-35, ಉಳಿದ 24.24 ಕ್ಲೋರಿನ್-37. ಅವುಗಳ ನಿಖರ ರಾಶಿ 34.969 ಮತ್ತು 36.966. ಪಾಲಿಗೆ ತಕ್ಕಂತೆ ಗುಣಿಸಿ ಕೂಡಿದರೆ 35.45. ಚಿಟಿಕೆಯಷ್ಟು ವಸ್ತುವಿನಲ್ಲೂ ಪರಮಾಣುಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಸರಾಸರಿ ಎಂದೂ ಕೈಕೊಡುವುದಿಲ್ಲ.

ಕೂಡುವ ಲೆಕ್ಕವೇ ಆದರೂ ತಪ್ಪುವುದು ಎಲ್ಲಿ? ಎರಡು ಕಡೆ. ಮೊದಲನೆಯದು ಆವರಣ. ಅಮೋನಿಯಂ ಸಲ್ಫೇಟಿನ ಸೂತ್ರದಲ್ಲಿ ಒಂದು ನೈಟ್ರೋಜನ್, ನಾಲ್ಕು ಹೈಡ್ರೋಜನ್ ಆವರಣದೊಳಗಿವೆ, ಆವರಣದ ಹೊರಗೆ 2 ಇದೆ. ಆ 2 ಒಳಗಿರುವ ಎಲ್ಲದಕ್ಕೂ ಅನ್ವಯಿಸುತ್ತದೆ. ನೈಟ್ರೋಜನ್ ಎರಡು, ಹೈಡ್ರೋಜನ್ ಎಂಟು. 28.014, 8.064, ಗಂಧಕದ 32.06, ನಾಲ್ಕು ಆಕ್ಸಿಜನ್‌ನ 63.996 ಸೇರಿ 132.13. ಪಕ್ಕದಲ್ಲೇ ಯೂರಿಯಾ ಇಟ್ಟು ನೋಡಿ. ಅದರ ಅಣುವಿನಲ್ಲೂ ನೈಟ್ರೋಜನ್ ಎರಡೇ. ಆದರೆ ಅಣುರಾಶಿ ಬರೀ 60.06. ಆದ್ದರಿಂದ ನೂರು ಗ್ರಾಂ ಯೂರಿಯಾದಲ್ಲಿ 46.6 ಗ್ರಾಂ ನೈಟ್ರೋಜನ್, ನೂರು ಗ್ರಾಂ ಅಮೋನಿಯಂ ಸಲ್ಫೇಟಿನಲ್ಲಿ 21.2 ಗ್ರಾಂ ಮಾತ್ರ. ಎಣಿಕೆ ಸಮ, ತೂಕದ ಪಾಲು ಅರ್ಧಕ್ಕಿಂತ ಕಡಿಮೆ. ಗೊಬ್ಬರದ ಚೀಲದ ಮೇಲಿನ ಅಂಕಿಯ ಹಿಂದೆ ಇರುವುದು ಈ ಕೂಡುವ ಲೆಕ್ಕವೇ.

ಎರಡನೆಯದು ಚುಕ್ಕೆ. ಇದರಲ್ಲಿ ನನಗೆ ಸ್ವಂತ ಅನುಭವವಿದೆ. ವಿದ್ಯಾರ್ಥಿಯಾಗಿದ್ದಾಗ ಪ್ರಯೋಗಾಲಯದಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣ ಮಾಡಬೇಕಿತ್ತು, ಲೀಟರಿಗೆ 0.1 ಮೋಲ್. ತಾಮ್ರ 63.546, ಗಂಧಕ 32.06, ಆಕ್ಸಿಜನ್ 63.996; ಒಟ್ಟು 159.60 ಎಂದು ಚಕಚಕನೆ ಕೂಡಿ, 15.96 ಗ್ರಾಂ ತೂಗಿ, ಒಂದು ಲೀಟರಿಗೆ ಸರಿಮಾಡಿಟ್ಟೆ. ಬಣ್ಣವೂ ಚೆನ್ನಾಗಿ ಬಂದಿತ್ತು. ಆಮೇಲೆ ಅದರ 25 ಮಿಲಿಲೀಟರ್ ತೆಗೆದು ಅಯೋಡಿನ್ ಬಿಡಿಸಿ, ಅಷ್ಟೇ ಪ್ರಬಲತೆಯ ಥಯೋಸಲ್ಫೇಟಿನಿಂದ ಅನುಮಾಪನ ಮಾಡಿದೆ, ಅಂದರೆ ಬ್ಯುರೆಟ್ ಎಂಬ ಅಳತೆಗೊಳವೆಯಿಂದ ಹನಿಹನಿಯಾಗಿ ಬಿಟ್ಟು ಎಷ್ಟು ಬೇಕೆಂದು ನೋಡಿದೆ. 25 ಮಿಲಿಲೀಟರ್ ಇಳಿಯಬೇಕಿದ್ದ ಬ್ಯುರೆಟ್ 16ಕ್ಕೇ ನಿಂತಿತು. ಮತ್ತೆ ಮಾಡಿದೆ, ಮತ್ತೆ 16. ಥಯೋಸಲ್ಫೇಟಿನ ಮೇಲೆ ಅನುಮಾನಪಟ್ಟೆ, ಪಿಪೆಟ್ಟನ್ನು ಬೈದೆ, ಪಿಷ್ಟದ ದ್ರಾವಣವನ್ನು ಹೊಸದಾಗಿ ಮಾಡಿದೆ. ಸಂಜೆಯ ಹೊತ್ತಿಗೆ ಬಾಟಲಿಯ ಲೇಬಲ್ ಕಣ್ಣಿಗೆ ಬಿತ್ತು. 249.68 ಎಂದು ಅಲ್ಲಿ ಅಚ್ಚಾಗಿತ್ತು.

ನೀಲಿ ಮೈಲುತುತ್ತದ ಪ್ರತಿ ಘಟಕದೊಂದಿಗೂ ಐದು ನೀರಿನ ಅಣುಗಳಿರುತ್ತವೆ. ಸೂತ್ರದಲ್ಲಿ ಮಧ್ಯೆ ಒಂದು ಚುಕ್ಕೆ ಇಟ್ಟು ಅದನ್ನು ಬರೆಯುತ್ತಾರೆ. ಗಣಿತದಲ್ಲಿ ಚುಕ್ಕೆ ಎಂದರೆ ಗುಣಾಕಾರ, ಇಲ್ಲಿ ಅದು ಕೂಡು. 159.60ಕ್ಕೆ ಐದು ನೀರಿನ 90.08 ಕೂಡಿದರೆ 249.68. ಆ ಚುಕ್ಕೆ ನೋಡಿ ಗುಣಿಸಿದವರನ್ನು ಆಮೇಲೆ ಮೇಷ್ಟರಾಗಿ ನಾನು ಕಂಡಿದ್ದೇನೆ. ಅವರಿಗೆ ಬಂದ ಉತ್ತರ ಹದಿನಾಲ್ಕು ಸಾವಿರ ದಾಟಿತ್ತು. ನಾನು ಗುಣಿಸಲೂ ಇಲ್ಲ, ಕೂಡಲೂ ಇಲ್ಲ, ನೀರನ್ನು ಮರೆತೇಬಿಟ್ಟಿದ್ದೆ. ತೂಗಿದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೀ ನೀರು. ತಾಮ್ರದ ಎಣಿಕೆ ಅಷ್ಟರಮಟ್ಟಿಗೆ ಕಡಿಮೆ. ತಕ್ಕಡಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಬ್ಯುರೆಟ್ ಹೇಳಿದ್ದರಲ್ಲೂ ಇರಲಿಲ್ಲ. ತಪ್ಪಿದ್ದು ನನ್ನ ದುಭಾಷಿ. ಇವತ್ತಿಗೂ ಯಾವುದೇ ಬಾಟಲಿ ಕೈಗೆತ್ತಿಕೊಂಡರೂ ಮೊದಲು ಆ ಅಂಕಿ ಓದುತ್ತೇನೆ.

ಉಪ್ಪಿನ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಸೋಡಿಯಂ ಕ್ಲೋರೈಡಿನಲ್ಲಿ ಅಣು ಎಂಬುದೇ ಇಲ್ಲ, ಅಯಾನುಗಳ, ಅಂದರೆ ವಿದ್ಯುದಂಶವಿರುವ ಕಣಗಳ ಜಾಲವಿದೆ. ಹಾಗಾಗಿ 58.44 ಎಂಬುದನ್ನು ಸೂತ್ರರಾಶಿ ಎನ್ನುವುದು ಸರಿ. ಲೆಕ್ಕ ಮಾಡುವ ಕ್ರಮ ಅದೇ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಎಚ್ಚರವಿದೆ. 'ಒಂದು ಮೋಲ್ ಆಕ್ಸಿಜನ್' ಎಂದರೆ ಎಷ್ಟು ಗ್ರಾಂ? 16 ಎಂದವರೂ ಇದ್ದೀರಿ, 32 ಎಂದವರೂ ಇದ್ದೀರಿ. ಪ್ರಶ್ನೆಯೇ ಅರೆಬರೆ. ಪರಮಾಣುಗಳ ಮೋಲ್ ಆದರೆ 16, ಅಣುಗಳ ಮೋಲ್ ಆದರೆ 32. 'ಒಂದು ಡಜನ್' ಎಂದಷ್ಟೇ ಹೇಳಿ ನಿಲ್ಲಿಸಿದರೆ ಎದುರಿಗಿದ್ದವರು 'ಏನು?' ಎಂದು ಕೇಳುವುದಿಲ್ಲವೇ? ಮೋಲ್ ಎಂದಾಗಲೂ 'ಯಾವುದರ?' ಎಂದು ಕೇಳಬೇಕು. ನಾನು ಆರಂಭದಲ್ಲಿ 'ಅನಿಲ', 'ಅಣು' ಎಂದು ಒತ್ತಿ ಹೇಳಿದ್ದು ಈ ಕಾರಣಕ್ಕೇ. ಪರಮಾಣುಗಳನ್ನು ಎಣಿಸಿದರೂ ಅಲ್ಲಿ ಹೈಡ್ರೋಜನ್ನೇ ಇಮ್ಮಡಿ, ಏಕೆಂದರೆ ಎರಡೂ ಜೋಡಿಗಳು. ಆದರೆ ಹೀಲಿಯಂನಂಥ ಒಂಟಿ ಪರಮಾಣುಗಳ ಅನಿಲ ಬಂದರೆ ಆ ಅದೃಷ್ಟ ಇರುವುದಿಲ್ಲ.

ಹಾಗೆಯೇ 22.4 ಲೀಟರ್. ಸೊನ್ನೆ ಡಿಗ್ರಿ ಸೆಲ್ಸಿಯಸ್, ಒಂದು ವಾಯುಭಾರ ಒತ್ತಡದಲ್ಲಿ ಒಂದು ಮೋಲ್ ಅನಿಲ ಹಿಡಿಯುವ ಜಾಗ ಅದು. ಅನಿಲ, ದಯವಿಟ್ಟು ಗಮನಿಸಿ. ಒಂದು ಮೋಲ್ ನೀರಿನ ಗಾತ್ರ 22.4 ಲೀಟರ್ ಎಂದು ಬರೆದ ಉತ್ತರಪತ್ರಿಕೆಗಳು ನನ್ನ ಬಳಿ ಪ್ರತಿವರ್ಷ ಬರುತ್ತವೆ. ಬೊಗಸೆಯ ನೀರನ್ನು ಎರಡು ಬಕೆಟ್ ಮಾಡುವ ಇಂಥ ವಿದ್ಯೆ ನಿಜವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಈಗ ಕ್ರಿಯೆಗೆ ಬರೋಣ. ಮೆಗ್ನೀಸಿಯಂ ಪಟ್ಟಿ ಉರಿಯುವುದನ್ನು ನೀವೆಲ್ಲ ನೋಡಿದ್ದೀರಿ. ಎರಡು ಮೆಗ್ನೀಸಿಯಂ ಪರಮಾಣುಗಳಿಗೆ ಒಂದು ಆಕ್ಸಿಜನ್ ಅಣು ಬೇಕು, ಸಿಗುವುದು ಎರಡು ಘಟಕ ಮೆಗ್ನೀಸಿಯಂ ಆಕ್ಸೈಡ್. 2.43 ಗ್ರಾಂ ಪಟ್ಟಿ ತೆಗೆದುಕೊಳ್ಳಿ. 24.305ರಿಂದ ಭಾಗಿಸಿದರೆ 0.1 ಮೋಲ್. ತೂಕದಿಂದ ಎಣಿಕೆಗೆ ಬಂದೆವು. ಎಣಿಕೆಯಲ್ಲಿ ಆಕ್ಸಿಜನ್ ಅದರ ಅರ್ಧ, 0.05 ಮೋಲ್ ಅಣು. ಮತ್ತೆ ತೂಕಕ್ಕೆ ಮರಳಿದರೆ 1.6 ಗ್ರಾಂ. ಉತ್ಪನ್ನ 0.1 ಮೋಲ್, ಅದು 4.03 ಗ್ರಾಂ. ಎಷ್ಟೇ ದೊಡ್ಡ ಲೆಕ್ಕವಾದರೂ ದಾರಿ ಇದೇ: ಗ್ರಾಂನಿಂದ ಮೋಲ್‌ಗೆ, ಮೋಲ್‌ನಿಂದ ಮೋಲ್‌ಗೆ, ಮತ್ತೆ ಗ್ರಾಂಗೆ. ನಡುವಿನ ಹೆಜ್ಜೆಯನ್ನು ಹಾರಿ ಗ್ರಾಂನಿಂದ ನೇರ ಗ್ರಾಂಗೆ ಜಿಗಿಯಲು ಹೋದವರೇ ಹಳ್ಳಕ್ಕೆ ಬೀಳುವುದು. ತ್ರಿಕೋನ ಬರೆದು, ಬೇಕಾದ ಮೂಲೆಯನ್ನು ಬೆರಳಿನಿಂದ ಮುಚ್ಚಿ, ಗುಣಿಸಬೇಕೋ ಭಾಗಿಸಬೇಕೋ ಎಂದು ತಿಳಿಯುವ ಉಪಾಯ ಕಲಿಸುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಬೆರಳಿಗೆ ಗೊತ್ತಾಗುತ್ತದೆ, ತಲೆಗೆ ಗೊತ್ತಾಗುವುದಿಲ್ಲ. ಬೋಲ್ಟಿನ ಮೂಟೆಯ ತೂಕವನ್ನು ಒಂದು ಬೋಲ್ಟಿನ ತೂಕದಿಂದ ಭಾಗಿಸಿದರೆ ಬೋಲ್ಟುಗಳ ಸಂಖ್ಯೆ ಸಿಗುತ್ತದೆ ಎಂಬುದಕ್ಕೆ ಯಾರಿಗೆ ತ್ರಿಕೋನ ಬೇಕು?

ಮೊದಲ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಮತ್ತೆ ಕೇಳುತ್ತೇನೆ. 10 ಗ್ರಾಂ ಹೈಡ್ರೋಜನ್, 10 ಗ್ರಾಂ ಆಕ್ಸಿಜನ್ ಬೆರೆಸಿ ಕಿಡಿ ಹಚ್ಚಿದರೆ ಎಷ್ಟು ನೀರು? 20 ಗ್ರಾಂ ಎಂಬ ಪಿಸುಮಾತು ಕೇಳಿಸಿತು. ಹತ್ತಕ್ಕೆ ಹತ್ತು ಸೇರಿದರೆ ಇಪ್ಪತ್ತು, ತಕ್ಕಡಿಯ ಭಾಷೆಯಲ್ಲಿ ಸರಿ. ಎಣಿಸಿ ನೋಡಿ. ಹೈಡ್ರೋಜನ್ 10 ಭಾಗಿಸು 2.016, ಸುಮಾರು 4.96 ಮೋಲ್ ಅಣು. ಆಕ್ಸಿಜನ್ 10 ಭಾಗಿಸು 32, 0.3125 ಮೋಲ್ ಅಣು. ಒಂದು ಆಕ್ಸಿಜನ್ ಅಣುವಿಗೆ ಎರಡು ಹೈಡ್ರೋಜನ್ ಅಣು ಸಾಕು, 0.3125ಕ್ಕೆ 0.625. ಆಕ್ಸಿಜನ್ ಮುಗಿದುಹೋಯಿತು, ಹೈಡ್ರೋಜನ್‌ನಲ್ಲಿ ಖರ್ಚಾದದ್ದು 1.26 ಗ್ರಾಂ. ಮಿಕ್ಕ 8.74 ಗ್ರಾಂ ಹೈಡ್ರೋಜನ್ ಸುಮ್ಮನೆ ಉಳಿದಿದೆ. ನೀರು 11.26 ಗ್ರಾಂ. ಎರಡನ್ನೂ ಕೂಡಿ ನೋಡಿ, ತಕ್ಕಡಿಗೆ ಬೇಕಾದ 20 ಅಲ್ಲೇ ಇದೆ. ಆದರೆ ಅದರಲ್ಲಿ ಅರ್ಧದ ಹತ್ತಿರ ನೀರೇ ಅಲ್ಲ.

ಮಾತು ಮುಗಿಸುವ ಮೊದಲು ಒಬ್ಬರು ಚೀಟಿಯಲ್ಲಿ ಕಳಿಸಿದ ಪ್ರಶ್ನೆ: ಈ 6.022 ಎಂಬುದು ಪ್ರಕೃತಿಯ ಗುಟ್ಟೇ? ಬೆಳಕಿನ ವೇಗದ ಹಾಗೆ? ಒಳ್ಳೆಯ ಪ್ರಶ್ನೆ. ಅಲ್ಲ. ಅದು ನಮ್ಮ ಗ್ರಾಂನ ಗುಟ್ಟು. ನಾವು ಹನ್ನೆರಡು ಗ್ರಾಂ ಕಾರ್ಬನ್ ಎಂದು ಆರಿಸಿಕೊಂಡೆವು, ಆದ್ದರಿಂದ ಆ ಸಂಖ್ಯೆ ಬಂತು. ಪೌಂಡಿನಲ್ಲಿ ತೂಗುವ ಎಂಜಿನಿಯರುಗಳು 'ಪೌಂಡ್-ಮೋಲ್' ಎಂಬ ಇನ್ನೊಂದು ಅಳತೆಯನ್ನು ಬಳಸುತ್ತಾರೆ. ಒಂದು ಪೌಂಡಿಗೆ 453.6 ಗ್ರಾಂ, ಹಾಗಾಗಿ ಅವರ ಮೋಲ್‌ನಲ್ಲಿ ನಮ್ಮದಕ್ಕಿಂತ 453.6 ಪಟ್ಟು ಹೆಚ್ಚು ಕಣಗಳು. ಅವರ ಸಂಖ್ಯೆ ಬೇರೆ, ಅವರ ಮೂಟೆ ದೊಡ್ಡದು. ಆದರೆ ಅವರ ಒಂದು ಮೋಲ್ ನೀರೂ ಹದಿನೆಂಟೇ, ಪೌಂಡಿನಲ್ಲಿ.